ನನ್ನ ತಪ್ಪಿಗೆ ತಕ್ಕ ಐರನ್

ಕಳೆದ ಜನವರಿಯಲ್ಲಿ ಅಡಿಕೆಯ ಕೊನೆ ಕೊಯ್ಲಿಗೆಂದು ಶಿರಸಿಯ ಹತ್ತಿರದ ನಮ್ಮ ಊರಿಗೆ ಹೋಗಿದ್ದಾಗ, ಒಂದು ಬೆಳಿಗ್ಗೆ ಗಾಲ್ಫಿನ 7 ನಂಬರಿನ ಐರನ್ನು, ಅಂದರೆ ಲೋಹದ ತಲೆಯ ಕ್ಲಬ್ಬನ್ನು, 20 ಹಳೆಯ ಚೆಂಡುಗಳನ್ನು, ಒಂದು ಬಟ್ಟಲು ತೆಂಗಿನೆಣ್ಣೆಯನ್ನು ಮತ್ತು ಟಾಲ್ಕಮ್ ಪೌಡರಿನ ಡಬ್ಬಿಯನ್ನು ಹಿಡಿದುಕೊಂಡು ಮನೆಯ ಹಿಂದಿನ ಹುಲ್ಲಿನ ಬೇಣಕ್ಕೆ ಹೋದೆ. ಕ್ಲಬ್ಬಿನ ಮುಖಕ್ಕೆ ಬೆರಳ ತುದಿಯಿಂದ ಎಣ್ಣೆಯ ಪಸೆ ಸವರಿ, ಅದರ ಮೇಲೆ ಪೌಡರ್ ಉದುರಿಸಿ, ಹೆಚ್ಚಾದದ್ದನ್ನು ಊದಿದರೆ ತೆಳುವಾದ ಬಿಳಿ ಪದರವೊಂದು ಉಳಿಯುತ್ತದೆ. ಚೆಂಡು ತಾಗಿದಲ್ಲಿ ಹಳೆಯ ನಾಲ್ಕಾಣೆಯಷ್ಟು ಅಗಲದ ಗುಂಡನೆಯ ಗುರುತು ಬೀಳುತ್ತದೆ. ಪ್ರತಿ ಹೊಡೆತದ ನಂತರ ಆ ಗುರುತು ಎಲ್ಲಿ ಬಿದ್ದಿದೆಯೆಂದು ನೋಡಿ, ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡ ಕ್ಲಬ್ಬಿನ ಚಿತ್ರದ ಮೇಲೆ ಚುಕ್ಕೆಯಿಡುತ್ತ, ಒರೆಸಿ ಮತ್ತೆ ಪೌಡರ್ ಹಾಕುತ್ತ ಹೋದೆ. ಅಡಿಕೆ ಗೊನೆ ಕೊಯ್ಯಲು ತೋಟಕ್ಕೆ ಇಳಿಯುತ್ತಿದ್ದ ಕೊನೆಗೌಡ ಸ್ವಲ್ಪ ಹೊತ್ತು ನಿಂತು ನೋಡಿ, ಅಡಿಕೆಗೆ ಹೊಡೆದಂತೆ ಇದಕ್ಕೂ ಬೋರ್ಡೋ ದ್ರಾವಣ ಹೊಡೆಯಬೇಕೋ ಎಂದು ಕೇಳಿದರು.

20ರಲ್ಲಿ 11 ಚುಕ್ಕೆಗಳು ಟೋ ಕಡೆಗೆ, ಅಂದರೆ ಹಿಡಿಯಿಂದ ದೂರದ ಅಂಚಿನತ್ತ ಬಿದ್ದಿದ್ದವು. ಅವುಗಳಲ್ಲಿ ಹೆಚ್ಚಿನವು ಕೆಳಗಿನ ಗೆರೆಗಳ ಮೇಲೆಯೇ ಇದ್ದವು. 4 ನಟ್ಟನಡುವೆ ಇದ್ದರೂ ಕೆಳಗಿದ್ದವು. 2 ಹೀಲ್ ಕಡೆಗೆ, ಅಂದರೆ ಹಿಡಿಯ ಹತ್ತಿರದ ಅಂಚಿನತ್ತ ಬಿದ್ದಿದ್ದವು. ಸರಿಯಾದ ಜಾಗದಲ್ಲಿ ತಾಗಿದ್ದು 3 ಮಾತ್ರ. ಇಷ್ಟು ಚಿಕ್ಕ ವಿಷಯವನ್ನು ತಿಳಿದುಕೊಳ್ಳಲು ನನಗೆ ಒಂಬತ್ತು ವರ್ಷ ಹಿಡಿಯಿತು. ಅಷ್ಟರೊಳಗೆ ಎರಡು ಸೆಟ್ ಐರನ್‌ಗಳನ್ನು ಕೊಂಡು ಕೈ ಸುಟ್ಟುಕೊಂಡಿದ್ದೆ. ಮೂರನೆಯ ಸೆಟ್ಟನ್ನು ಕೊಳ್ಳುವ ಮೊದಲು ಮಾಡಿದ ಲೆಕ್ಕಾಚಾರವನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ‘ಕ್ಷಮಿಸುವ ಐರನ್’ ಎಂದು ಅಂಗಡಿಯವರೂ ತಯಾರಕರೂ ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ವಸ್ತು ನಿಜದಲ್ಲಿ ನಾಲ್ಕೈದು ಬಗೆಯ ತಪ್ಪುಗಳನ್ನು ಬೇರೆ ಬೇರೆ ರೀತಿಯಲ್ಲಿ ಕ್ಷಮಿಸುತ್ತದೆ. ಅವುಗಳಲ್ಲಿ ನಮ್ಮ ತಪ್ಪು ಯಾವುದೆಂದು ತಿಳಿಯದೆ ಹಣ ಕೊಟ್ಟರೆ, ಬೇರೆ ಯಾರದೋ ತಪ್ಪಿನ ಪರಿಹಾರವನ್ನು ಚೀಲದಲ್ಲಿ ಹೊತ್ತು ತಿರುಗಬೇಕಾಗುತ್ತದೆ.

ನನ್ನ ಆಟದ ಮಟ್ಟವನ್ನೂ ಹೇಳಿಬಿಡುತ್ತೇನೆ. ವಾಸ ಕಾರವಾರದಲ್ಲಿ, ಆಡುವುದು ಹದಿನೈದು ದಿನಕ್ಕೊಮ್ಮೆ, ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ ಕಳೆದು, ಗೋವಾ ಗಡಿಯಾಚೆಗಿನ ಕಾಣಕೋಣದ ರಾಜಬಾಗ ತೀರದಲ್ಲಿರುವ 9 ಹೋಲ್‌ಗಳ ಕೋರ್ಸಿನಲ್ಲಿ. ವರ್ಷದಲ್ಲಿ ಒಂದೆರಡು ಸಲ ಮಂಗಳೂರಿನ ಪಿಲಿಕುಳಕ್ಕೋ ಬೆಂಗಳೂರಿಗೋ ಹೋಗುವುದುಂಟು. 2020ರಲ್ಲಿ ಜಾರಿಗೆ ಬಂದ ವರ್ಲ್ಡ್ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ, ಅಂದರೆ ಆಟಗಾರನ ಮಟ್ಟವನ್ನು ಅಂಕಿಯಲ್ಲಿ ಹೇಳುವ ಪದ್ಧತಿಯಲ್ಲಿ, ಗರಿಷ್ಠ ಸೂಚ್ಯಂಕ 54; ಅಂಕಿ ಕಡಿಮೆಯಾದಷ್ಟೂ ಆಟ ಒಳ್ಳೆಯದು. ನನ್ನದು 23ರ ಆಸುಪಾಸಿನಲ್ಲಿ ವರ್ಷಗಳಿಂದ ಬೇರು ಬಿಟ್ಟು ನಿಂತಿದೆ. ಅಂದರೆ ಒಳ್ಳೆಯ ದಿನಗಳಲ್ಲಿಯೂ ಪ್ರತಿ ಹೋಲಿಗೆ ಪಾರ್‌ಗಿಂತ, ಅಂದರೆ ಆ ಹೋಲಿಗೆ ಗೊತ್ತುಮಾಡಿದ ಹೊಡೆತಗಳಿಗಿಂತ, ಒಂದು ಹೊಡೆತ ಹೆಚ್ಚು, ನಾಲ್ಕೈದು ಹೋಲ್‌ಗಳಲ್ಲಿ ಎರಡು ಹೆಚ್ಚು. 15ರಿಂದ 30ರವರೆಗಿನ ಹ್ಯಾಂಡಿಕ್ಯಾಪಿನವರೆಲ್ಲ ಹೆಚ್ಚು ಕಡಿಮೆ ನನ್ನ ದೋಣಿಯಲ್ಲಿಯೇ ಇದ್ದಾರೆಂದು ಭಾವಿಸಿ ಬರೆಯುತ್ತೇನೆ.

ದೋಣಿಯ ಮಾತು ಬಂದದ್ದು ಒಳ್ಳೆಯದೇ ಆಯಿತು. ನಮ್ಮ ಕರಾವಳಿಯ ಪಾತಿ ದೋಣಿಯನ್ನು ನೋಡಿದವರಿಗೆ ಈ ಐರನ್‌ಗಳ ಮೂಲತತ್ತ್ವವನ್ನು ಹೇಳಿಕೊಡಬೇಕಾಗಿಲ್ಲ. ಕಿರಿದಾದ ದೋಣಿಯ ಪಕ್ಕಕ್ಕೆ, ಎರಡು ಅಡ್ಡಗಳುಗಳ ತುದಿಯಲ್ಲಿ, ನೀರಿಗೆ ತಾಗುವಂತೆ ಒಂದು ಮರದ ದಿಮ್ಮಿಯನ್ನು ಕಟ್ಟಿರುತ್ತಾರೆ. ಅದೇ ದಿಮ್ಮಿಯನ್ನು ದೋಣಿಯ ಒಳಗೆ, ನಡುವೆ ಇಟ್ಟರೆ ಭಾರ ಅಷ್ಟೇ ಇರುತ್ತದೆ, ಆದರೆ ಅಲೆ ಬಂದಾಗ ದೋಣಿ ಮಗುಚುತ್ತದೆ. ಭಾರವು ನಡುವಿನಿಂದ ದೂರ ಹೋದಷ್ಟೂ ವಸ್ತು ಹೊರಳಲು ಒಪ್ಪುವುದಿಲ್ಲ. 7 ನಂಬರಿನ ಐರನ್ನಿನ ತಲೆಯ ತೂಕ ಸುಮಾರು 270 ಗ್ರಾಂ. ಚೆಂಡಿನದು ನಿಯಮದ ಪ್ರಕಾರ 45.93 ಗ್ರಾಂ ಮೀರುವಂತಿಲ್ಲ. ಅವೆರಡರ ಸ್ಪರ್ಶ ಒಂದು ಸೆಕೆಂಡಿನ ಎರಡು ಸಾವಿರ ಭಾಗಗಳಲ್ಲಿ ಒಂದರಷ್ಟು ಹೊತ್ತು ಮಾತ್ರ ಇರುತ್ತದೆ. ಚೆಂಡು ಟೋ ಕಡೆ ತಾಗಿದಾಗ ತಲೆ ಹೊರಳಿ, ಮುಖ ತೆರೆದುಕೊಂಡು, ಬಲಗೈ ಆಟಗಾರನ ಚೆಂಡು ಬಲಕ್ಕೆ ಸರಿದು, ದೂರವನ್ನೂ ಕಳೆದುಕೊಳ್ಳುತ್ತದೆ. ಅಷ್ಟು ಹೊತ್ತಿನಲ್ಲಿ ಕೈ ಏನನ್ನೂ ತಿದ್ದಲಾರದು. ತಿದ್ದುವುದಿದ್ದರೆ ಲೋಹವನ್ನು ಎಲ್ಲಿ ಇಟ್ಟಿದ್ದಾರೆ ಎಂಬುದೊಂದೇ ತಿದ್ದಬೇಕು. ಹಿಂಬದಿಯಲ್ಲಿ ನಡುವಿನ ಲೋಹವನ್ನು ಕೆತ್ತಿ ತೆಗೆದು ಅಂಚುಗಳಿಗೆ ಹಂಚಿದ ಐರನ್‌ಗಳನ್ನು ಕ್ಯಾವಿಟಿ ಬ್ಯಾಕ್ ಎನ್ನುತ್ತಾರೆ. ಹಾಗೆ ಮಾಡದೆ ಒಂದೇ ಗಟ್ಟಿ ಪಟ್ಟಿಯಂತೆ ಉಳಿಸಿದ್ದು ಬ್ಲೇಡ್.

ಈ ವಿಚಾರವನ್ನು ಗಾಲ್ಫಿನಲ್ಲಿ ಗಟ್ಟಿಯಾಗಿ ಊರಿದವರು ಕಾರ್ಸ್ಟನ್ ಸೋಲ್ಹೈಮ್. 1911ರಲ್ಲಿ ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದು, ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಇಂಜಿನಿಯರಾಗಿದ್ದ ಅವರು ಗಾಲ್ಫ್ ಕೈಗೆತ್ತಿಕೊಂಡಾಗ ವಯಸ್ಸು ನಲವತ್ತು ದಾಟಿತ್ತು. ನಾನೂ ನಲವತ್ತು ದಾಟಿದ ಮೇಲೆಯೇ ಶುರುಮಾಡಿದವನಾದ್ದರಿಂದ ಅವರ ಮೇಲೆ ನನಗೆ ಒಂದು ಬಗೆಯ ಬಂಧುಭಾವವಿದೆ. ಚೆಂಡನ್ನು ಕುಳಿಯತ್ತ ಉರುಳಿಸುವ ಕ್ಲಬ್ಬಾದ ಪಟ್ಟರ್ ತಮ್ಮ ಮಾತು ಕೇಳದಿದ್ದಾಗ ಅವರು ತಮ್ಮನ್ನು ಬೈದುಕೊಳ್ಳದೆ, ಭಾರವನ್ನು ಟೋ ಮತ್ತು ಹೀಲ್‌ಗಳಿಗೆ ಒಡೆದು ಹಂಚಿದ ಪಟ್ಟರನ್ನು 1959ರಲ್ಲಿ ತಮ್ಮ ಗ್ಯಾರೇಜಿನಲ್ಲಿಯೇ ತಯಾರಿಸಿದರು. ಅದು ಚೆಂಡಿಗೆ ತಾಗಿದಾಗ ಹೊರಡುತ್ತಿದ್ದ ಸದ್ದೇ ಪಿಂಗ್ ಎಂಬ ಕಂಪನಿಯ ಹೆಸರಾಯಿತು. ಅದೇ ತತ್ತ್ವದ ಮೇಲೆ 1982ರಲ್ಲಿ ಬಂದ ಪಿಂಗ್ ಐ2 ಐರನ್‌ಗಳು ಸಾಮಾನ್ಯ ಆಟಗಾರನ ಚೀಲದ ಸ್ವರೂಪವನ್ನೇ ಬದಲಿಸಿದವು. ಇಂದು ಕ್ಯಾಲವೇ, ಟೇಲರ್‌ಮೇಡ್, ಕೋಬ್ರಾ, ಸ್ರಿಕ್ಸಾನ್, ಮಿಜುನೊ ಎಲ್ಲರೂ ಈ ವರ್ಗದ ಐರನ್ ಮಾಡುತ್ತಾರೆ.

ಇದೆಲ್ಲ ತಿಳಿಯುವ ಮೊದಲು ನಾನು ಕೊಂಡ ಮೊದಲ ಸೆಟ್ಟು ಬ್ಲೇಡಿನದಾಗಿತ್ತು. ಆಟ ಬಿಡುತ್ತಿದ್ದ ಪರಿಚಯದವರೊಬ್ಬರು ಅಗ್ಗದಲ್ಲಿ ಕೊಟ್ಟರು. ನೋಡಲು ಅವು ಹಳೆಯ ಕಾಲದ ಬೆಳ್ಳಿ ಸಾಮಾನಿನಂತೆ ಚೆಂದವಾಗಿದ್ದವು. ಆ ಸೆಟ್ಟಿನಲ್ಲಿ ಹೊಡೆದ ಟೋ ಹೊಡೆತದ ನೋವು ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಮೊಣಕೈತನಕ ಏರುತ್ತಿತ್ತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಎರಡನೆಯ ಸೆಟ್ಟಿನ ಕಥೆಯಲ್ಲಿ ಪಾಠ ಹೆಚ್ಚಿದೆ. ಬೆಂಗಳೂರಿನ ಒಂದು ಅಂಗಡಿಯೊಳಗೆ, ತಣ್ಣನೆಯ ಕೋಣೆಯಲ್ಲಿ, ಹಸಿರು ಮ್ಯಾಟಿನ ಮೇಲೆ ಚೆಂಡಿಟ್ಟು, ಎದುರಿನ ಪರದೆಗೆ ಹೊಡೆದು ಅಂಕಿಗಳನ್ನು ನೋಡಿ ಆರಿಸಿದ ಸೆಟ್ಟದು. ನನ್ನ ಹಳೆಯ 7 ನಂಬರು 125 ಗಜ ಹೋಗುತ್ತಿದ್ದರೆ ಹೊಸದು 145 ಗಜ ತೋರಿಸಿತು. ಸುಮಾರು ಎರಡು ಕ್ವಿಂಟಾಲ್ ರಾಶಿ ಅಡಿಕೆಯ ಹಣವನ್ನು ನಾನು ಅಲ್ಲಿಯೇ ಎಣಿಸಿ ಕೊಟ್ಟೆ. ಮನೆಗೆ ಬಂದ ಮೇಲೆ ತಯಾರಕರ ಕೋಷ್ಟಕವನ್ನು ಓದಿದಾಗ ತಿಳಿದದ್ದೇನೆಂದರೆ, ಹಳೆಯ 7 ನಂಬರಿನ ಲಾಫ್ಟ್, ಅಂದರೆ ಮುಖ ಹಿಂದಕ್ಕೆ ವಾಲಿದ ಕೋನ, 35 ಡಿಗ್ರಿ. ಹೊಸದರದು 28 ಡಿಗ್ರಿ. ಇಪ್ಪತ್ತೆಂಟು ಡಿಗ್ರಿಯ ಐರನ್ನನ್ನು ಹಿಂದಿನವರು, ಇನ್ನೂ ದೂರ ಹೊಡೆಯಲು ಬಳಸುವ 5 ನಂಬರು ಎನ್ನುತ್ತಿದ್ದರು. ನಾನು 5 ನಂಬರಿನ ಐರನ್ನನ್ನೇ ಹೊಡೆದು, ಅದರ ಕೆಳಗೆ 7 ಎಂದು ಕೊರೆದದ್ದನ್ನು ನೋಡಿ ಹಿಗ್ಗಿದ್ದೆ.

ಇದು ಬರೀ ಮೋಸವೆಂದು ಹೇಳಿದರೆ ಅದೂ ಅನ್ಯಾಯವೇ. ಭಾರವನ್ನು ತೀರಾ ಕೆಳಗೆ ಮತ್ತು ಹಿಂದಕ್ಕೆ ಸರಿಸಿದ ತಲೆ ಚೆಂಡನ್ನು ಹೆಚ್ಚು ಎತ್ತರಕ್ಕೆ ಎಸೆಯುತ್ತದೆ. ಹಾಗಾಗಿ ಲಾಫ್ಟ್ ಸ್ವಲ್ಪ ಕಡಿಮೆ ಮಾಡದಿದ್ದರೆ ಚೆಂಡು ಬರಿದೇ ಆಕಾಶಕ್ಕೆ ಹೋಗುತ್ತದೆ ಎಂಬ ತಯಾರಕರ ವಾದದಲ್ಲಿ ಹುರುಳಿದೆ. ಆದರೆ ಆ ವಾದ ಸಾಕಷ್ಟು ವೇಗವಾಗಿ ಕ್ಲಬ್ ಬೀಸುವವರಿಗೆ ಹೆಚ್ಚು ಹೊಂದುತ್ತದೆ. ನನ್ನಂಥ ಸಾವಕಾಶ ಸ್ವಿಂಗಿನವನ ಕೈಯಲ್ಲಿ ಕಡಿಮೆ ಲಾಫ್ಟಿನ ಐರನ್ನಿನಿಂದ ಹೊರಟ ಚೆಂಡಿಗೆ ತಿರುಗುವಿಕೆಯೂ ಕಡಿಮೆ, ಇಳಿಯುವ ಕೋನವೂ ಚಪ್ಪಟೆ. ಏಪ್ರಿಲ್ ತಿಂಗಳ ಗಟ್ಟಿ ಗ್ರೀನಿನ, ಅಂದರೆ ಕುಳಿಯ ಸುತ್ತಲಿನ ಹುಲ್ಲುಹಾಸಿನ ಮೇಲೆ ಅದು ಬಿದ್ದಲ್ಲಿ ನಿಲ್ಲದೆ, ಒಂದು ಸಲ ಪುಟಿದು, ಸಭೆಯಲ್ಲಿ ಗುರುತಿಲ್ಲದವನಂತೆ ಹಿಂಬಾಗಿಲಿನಿಂದ ಹೊರಟುಹೋಗುತ್ತಿತ್ತು. 145 ಗಜ ಹೋಗುವ ಐರನ್ ಗ್ರೀನ್ ಮೇಲೆ ನಿಲ್ಲದಿದ್ದರೆ ಆ 20 ಗಜದ ಲಾಭ ಯಾರಿಗೆ?

ಇನ್ನೊಂದು ತೊಂದರೆ ಚೀಲದ ಇನ್ನೊಂದು ತುದಿಯಲ್ಲಿತ್ತು. ವೆಜ್ ಎಂದರೆ ಹತ್ತಿರದ ಹೊಡೆತಗಳಿಗೆ ಬಳಸುವ, ಹೆಚ್ಚು ಲಾಫ್ಟಿನ ಕ್ಲಬ್ಬು. ಆ ಸೆಟ್ಟಿನ ಪಿಚಿಂಗ್ ವೆಜ್ 43 ಡಿಗ್ರಿಯದು. ನನ್ನಲ್ಲಿದ್ದ ಸ್ಯಾಂಡ್ ವೆಜ್ 56. ನಡುವೆ 13 ಡಿಗ್ರಿಗಳ ಕಂದರ. ಸಾಮಾನ್ಯವಾಗಿ ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ 4 ಅಥವಾ 5 ಡಿಗ್ರಿಗಳ ಅಂತರವಿರಬೇಕು. 70 ಗಜದಿಂದ 105 ಗಜದವರೆಗಿನ ಅಷ್ಟೂ ಜಾಗಕ್ಕೆ ನನ್ನ ಬಳಿ ಪೂರ್ತಿ ಸ್ವಿಂಗಿನ ಕ್ಲಬ್ಬೇ ಇರಲಿಲ್ಲ. ಅರ್ಧ ಸ್ವಿಂಗ್, ಮುಕ್ಕಾಲು ಸ್ವಿಂಗ್ ಎಂಬ ಕಲೆಗಳು ನನ್ನ ಹ್ಯಾಂಡಿಕ್ಯಾಪಿನವರಿಗೆ ಒಲಿಯುವುದಿಲ್ಲ. ಆದ್ದರಿಂದ ಹೊಸ ಸೆಟ್ ನೋಡುವವರು ಮೊದಲು 7 ನಂಬರಿನ ಲಾಫ್ಟನ್ನೂ ಪಿಚಿಂಗ್ ವೆಜ್ಜಿನ ಲಾಫ್ಟನ್ನೂ ಕೇಳಬೇಕು. ಅಂಗಡಿಯವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಕೋಷ್ಟಕ ತರಿಸಬೇಕು. ನನ್ನ ಅನುಭವದಲ್ಲಿ 7 ನಂಬರಿಗೆ 30ರಿಂದ 32 ಡಿಗ್ರಿ ಇದ್ದರೆ ನಿಧಾನ ಸ್ವಿಂಗಿನವರಿಗೆ ಹಿತ.

ಆ ಕೋಣೆಯ ಮ್ಯಾಟ್ ಮಾಡಿದ ಉಪಕಾರವನ್ನು ಹೇಳದೆ ಮುಂದೆ ಹೋಗಲಾರೆ. ಕ್ಲಬ್ಬು ಚೆಂಡಿಗಿಂತ ಎರಡು ಬೆರಳು ಹಿಂದೆಯೇ ನೆಲಕ್ಕೆ ಬಡಿಯುವುದನ್ನು ಫ್ಯಾಟ್ ಹೊಡೆತ ಎನ್ನುತ್ತಾರೆ. ಮ್ಯಾಟಿನ ಮೇಲೆ ಹಾಗೆ ಬಡಿದ ಕ್ಲಬ್ಬು ಜಾರಿಕೊಂಡು ಮುಂದೆ ಹೋಗಿ ಚೆಂಡಿಗೆ ಸುಮಾರಾಗಿ ತಾಗುತ್ತದೆ. ಪರದೆಯ ಮೇಲೆ ಅಂಕಿಯೂ ಚೆನ್ನಾಗಿಯೇ ಬರುತ್ತದೆ. ಮಣ್ಣಿನ ಮೇಲೆ ಅದೇ ಹೊಡೆತ ಹಿಡಿ ಮಣ್ಣನ್ನು ಕಿತ್ತು, ಚೆಂಡನ್ನು ನಲವತ್ತು ಗಜ ಕಳಿಸಿ ಸುಮ್ಮನಾಗುತ್ತದೆ. ನಮ್ಮ ವರ್ಗದ ಆಟಗಾರರ ಕಾರ್ಡಿನಲ್ಲಿ ಹೆಚ್ಚು ಅಂಕ ತಿನ್ನುವುದು ಟೋ ಹೊಡೆತವಲ್ಲ, ಈ ಫ್ಯಾಟ್ ಹೊಡೆತ ಎಂದು ನನ್ನ ಅಭಿಪ್ರಾಯ. ಟೋ ಹೊಡೆತದಲ್ಲಿ ಹತ್ತು ಹದಿನೈದು ಗಜ ಹೋದರೆ, ಇದರಲ್ಲಿ ಪೂರ್ತಿ ಒಂದು ಹೊಡೆತವೇ ಹೋಗುತ್ತದೆ. ಜಾಹೀರಾತುಗಳೆಲ್ಲ ಮುಖದ ಬಗ್ಗೆ ಮಾತನಾಡುತ್ತವೆ. ಕ್ಲಬ್ಬಿನ ಅಂಗಾಲಿನ ಬಗ್ಗೆ, ಅಂದರೆ ಇಂಗ್ಲಿಷಿನಲ್ಲಿ ಸೋಲ್ ಎನ್ನುವ ಭಾಗದ ಬಗ್ಗೆ, ಯಾರೂ ಜೋರಾಗಿ ಹೇಳುವುದಿಲ್ಲ.

ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂದು ನನ್ನ ಹೆಂಡತಿ ಆಗಾಗ ನೆನಪಿಸುತ್ತಾಳೆ. ಗಾಲ್ಫಿನಲ್ಲಿ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ, ಮತ್ತು ನಮ್ಮ ಕಡೆಯಲ್ಲಿ ಅದು ವರ್ಷಕ್ಕೆ ಎರಡು ಸಲ ಸ್ವಭಾವ ಬದಲಿಸುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆದ ನೆಲ ಅಕ್ಟೋಬರಿನಲ್ಲಿಯೂ ಒಳಗೆ ಮೆತ್ತಗೇ ಇರುತ್ತದೆ. ಕಿರಿದಾದ ಸೋಲಿನ, ಚೂಪು ಅಂಚಿನ ಐರನ್ ಅಂಥಲ್ಲಿ ಗುದ್ದಲಿಯಂತೆ ಕಚ್ಚಿ ಒಳಗೆ ಹೋಗುತ್ತದೆ. ಅಗಲವಾದ ಸೋಲಿನದು ಅಡಿಕೆ ಹಾಳೆಯ ಮೇಲೆ ಕುಳಿತು ದಿಬ್ಬದಿಂದ ಜಾರುವ ಮಕ್ಕಳಂತೆ ಮೇಲ್ಮೈಯಲ್ಲಿಯೇ ಸರಿದು ಹೋಗುತ್ತದೆ. ಸೋಲಿನ ಹಿಂಭಾಗ ಮುಂದಿನ ಅಂಚಿಗಿಂತ ಎಷ್ಟು ಕೆಳಗೆ ಬಾಗಿದೆ ಎಂಬುದನ್ನು ಬೌನ್ಸ್ ಎಂದು ಡಿಗ್ರಿಯಲ್ಲಿ ಅಳೆಯುತ್ತಾರೆ; ಅದು ಹೆಚ್ಚಿದ್ದಷ್ಟೂ ಕ್ಲಬ್ಬು ಮಣ್ಣಿನೊಳಗೆ ಹೂತುಹೋಗಲು ಹಿಂಜರಿಯುತ್ತದೆ. ಇಲ್ಲಿಯವರೆಗೆ ಎಲ್ಲರೂ ಒಪ್ಪುವ ಮಾತು. ಆದರೆ ಮಾರ್ಚ್ ಬರುವಷ್ಟರಲ್ಲಿ ಹುಲ್ಲು ಉದುರಿ, ಕೆಳಗಿನ ಜಂಬಿಟ್ಟಿಗೆಯ ಗಟ್ಟಿತನ ಮೇಲೆ ಬಂದಾಗ, ತೀರಾ ಅಗಲ ಮತ್ತು ತೀರಾ ಹೆಚ್ಚು ಬೌನ್ಸಿನ ಸೋಲು ನೆಲಕ್ಕೆ ತಾಗಿ ಪುಟಿದು, ಚೆಂಡಿನ ಹೊಟ್ಟೆಗೆ ಅಂಚು ಬಡಿಸುತ್ತದೆ. ಚೆಂಡು ಮೊಣಕಾಲೆತ್ತರದಲ್ಲಿ ಗುಂಡಿನಂತೆ ಹೋಗಿ ಗ್ರೀನಿನಾಚೆಯ ಗಾಳಿಮರಗಳ ಬುಡ ಸೇರುತ್ತದೆ. ಹಾಗಾಗಿ ನಾನು ಹುಡುಕಿದ್ದು ಮಧ್ಯಮ ಅಗಲದ, ಮುಂದಿನ ಅಂಚನ್ನು ಉಜ್ಜಿ ದುಂಡಗೆ ಮಾಡಿದ, ಹಿಂದಿನ ಅಂಚನ್ನೂ ಸ್ವಲ್ಪ ಕೆತ್ತಿದ ಸೋಲನ್ನು. ಸ್ರಿಕ್ಸಾನಿನವರು ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಮಾಡುವ ಸೋಲು ಈ ಜಾತಿಯದು. ಕೊಳ್ಳುವ ಮೊದಲು ಮಣ್ಣಿನ ಮೇಲೆ ಹೊಡೆಯಲು ಬಿಡದ ಅಂಗಡಿಯಲ್ಲಿ, ಕನಿಷ್ಠ ಕ್ಲಬ್ಬನ್ನು ತಿರುಗಿಸಿ ಅಂಗಾಲಿನ ಮೇಲೆ ಹೆಬ್ಬೆರಳು ಎಳೆದು ನೋಡಬಹುದು. ಅಂಚು ಚರ್ಮಕ್ಕೆ ಕಚ್ಚಿದರೆ ಮಣ್ಣಿಗೂ ಕಚ್ಚುತ್ತದೆ.

ಆಫ್‌ಸೆಟ್ ಬಗ್ಗೆ ಎರಡು ಮಾತು ಸಾಕು. ಮುಖದ ಅಂಚನ್ನು ಶಾಫ್ಟಿನ, ಅಂದರೆ ಕ್ಲಬ್ಬಿನ ಕೋಲಿನ ಗೆರೆಗಿಂತ ಸ್ವಲ್ಪ ಹಿಂದಕ್ಕೆ ಕೂರಿಸಿದಾಗ, ಮುಖ ಗುರಿಗೆ ನೇರವಾಗಲು ಒಂದಿಷ್ಟು ಹೆಚ್ಚು ಸಮಯ ಸಿಗುತ್ತದೆ. ಬಲಕ್ಕೆ ಬಾಗಿಸುವ ಸ್ಲೈಸ್ ರೋಗದವರಿಗೆ ಇದು ಔಷಧಿ. ಎಡಕ್ಕೆ ಎಳೆಯುವವರಿಗೆ ಅದೇ ವಿಷ. ದಪ್ಪ ಮೇಲಂಚು, ದಪ್ಪ ಆಫ್‌ಸೆಟ್ ನೋಡಲು ಕುರೂಪವೆಂದು ಮೂಗು ಮುರಿಯುವವರನ್ನು ಕಂಡಿದ್ದೇನೆ. 23ರ ಹ್ಯಾಂಡಿಕ್ಯಾಪಿನವನಿಗೆ ಆ ಸೌಂದರ್ಯಪ್ರಜ್ಞೆ ದುಬಾರಿ.

ಶಾಫ್ಟಿನ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ತೋಟವೇ. ಮೊದಲು ಕೊನೆಗೌಡರು ಮರದಿಂದ ಮರಕ್ಕೆ ಹಾರುತ್ತ ಕೊಯ್ಯುತ್ತಿದ್ದರು. ಈಗ ನೆಲದ ಮೇಲೆ ನಿಂತು ಕಾರ್ಬನ್ ಫೈಬರ್ ದೋಟಿಯಿಂದ ಕೊಯ್ಯುತ್ತಾರೆ. ಅಲ್ಯೂಮಿನಿಯಂ ದೋಟಿ ಹಿಡಿದರೆ ಮಧ್ಯಾಹ್ನದೊಳಗೆ ಹೆಗಲು ಸೋತು, ತುದಿಯ ಕತ್ತಿ ಗುರಿ ತಪ್ಪಿ, ಸೋಗೆಗೆ ಸಿಕ್ಕಿಕೊಳ್ಳುತ್ತದೆ. ಕಾರ್ಬನ್ನಿನದು ಹಗುರವಾದ್ದರಿಂದ ಸಂಜೆಯ ಕೊನೆಯ ಗೊನೆಗೂ ಬೆಳಗಿನ ಮೊದಲ ಗೊನೆಗೂ ಕತ್ತಿ ಒಂದೇ ಜಾಗಕ್ಕೆ ಹೋಗುತ್ತದೆ. ಐರನ್ನಿನ ಸ್ಟೀಲ್ ಶಾಫ್ಟುಗಳು ಸಾಮಾನ್ಯವಾಗಿ 95ರಿಂದ 130 ಗ್ರಾಂ ತೂಗುತ್ತವೆ. ಗ್ರ್ಯಾಫೈಟಿನವು 50ರಿಂದ 80 ಗ್ರಾಂ. ಮೂವತ್ತು ನಲವತ್ತು ಗ್ರಾಂ ಏನು ಮಹಾ ಎನ್ನಿಸಬಹುದು. ಅದೇ ಕೋರ್ಸನ್ನು ಎರಡನೆಯ ಸಲ ಸುತ್ತುವಾಗ ಬರುವ ಹದಿನಾಲ್ಕನೆಯ ಹೋಲಿನಲ್ಲಿ, ಕಡಲ ಸೆಕೆಯಲ್ಲಿ, ಅಂಗಿ ಬೆನ್ನಿಗಂಟಿದ ಮೇಲೆ ಅದು ತಿಳಿಯುತ್ತದೆ. ಆದರೆ ಹಗುರವಾದಷ್ಟೂ ಒಳ್ಳೆಯದೆಂದೂ ಅಲ್ಲ. 50 ಗ್ರಾಮಿನದನ್ನು ಬೀಸಿದಾಗ ತಲೆ ಎಲ್ಲಿದೆಯೆಂಬ ಸುಳಿವೇ ಕೈಗೆ ಸಿಗದೆ ನನ್ನ ಲಯ ಕೆಟ್ಟಿತು. ಕೊನೆಗೆ 70 ಗ್ರಾಮಿನ ರೆಗ್ಯುಲರ್ ಫ್ಲೆಕ್ಸಿಗೆ, ಅಂದರೆ ಸಾಧಾರಣವಾಗಿ ಬಳುಕುವ ಶಾಫ್ಟಿಗೆ ನಿಂತೆ. ಸ್ಟಿಫ್ ಎಂದು ಬರೆದ, ಕಡಿಮೆ ಬಳುಕುವ ಶಾಫ್ಟನ್ನು ಬರೀ ಮರ್ಯಾದೆಗಾಗಿ ಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ.

ಇನ್ನು ನನ್ನ ಆ 11 ಚುಕ್ಕೆಗಳು. ಅವಕ್ಕೆ ಕಾರಣ ನನ್ನ ಸ್ವಿಂಗ್ ಮಾತ್ರವೇ, ಅಥವಾ ಕ್ಲಬ್ಬೂ ಪಾಲುದಾರನೇ ಎಂದು ನೋಡಬೇಕಿತ್ತು. ಚೆಂಡಿನ ಮೇಲೆ ಮಾರ್ಕರಿನಿಂದ ದಪ್ಪ ಗೆರೆ ಎಳೆದು, ಆ ಗೆರೆ ಕ್ಲಬ್ಬಿನ ಕಡೆಗೆ ನೆಟ್ಟಗೆ ನಿಲ್ಲುವಂತೆ ಇಟ್ಟು ಹೊಡೆದರೆ ಮುಖದ ಮೇಲೆ ಗೆರೆಯ ಅಚ್ಚು ಬೀಳುತ್ತದೆ. ಅಚ್ಚು ನೆಟ್ಟಗಿದ್ದರೆ ಲೈ ಕೋನ, ಅಂದರೆ ಶಾಫ್ಟು ನೆಲದೊಂದಿಗೆ ಮಾಡುವ ಕೋನ, ಸರಿಯಿದೆ. ವಾಲಿದ್ದರೆ ಕ್ಲಬ್ಬು ಟೋ ಅಥವಾ ಹೀಲ್ ಎತ್ತಿಕೊಂಡು ಬರುತ್ತಿದೆ. ಟೋ ಎತ್ತಿದ ಕ್ಲಬ್ಬಿನ ಮುಖ ಎಡಕ್ಕೆ ನೋಡುತ್ತದೆ, ಟೋ ಇಳಿದದ್ದು ಬಲಕ್ಕೆ. ನನ್ನ ಅಚ್ಚು ವಾಲಿತ್ತು. ನನ್ನ ಎತ್ತರಕ್ಕೆ ಆ ಕ್ಲಬ್ಬು ಫ್ಲಾಟೂ, ಅಂದರೆ ಶಾಫ್ಟು ನೆಲದತ್ತ ಹೆಚ್ಚು ವಾಲಿದ್ದೂ ಹೌದು, ಅರ್ಧ ಇಂಚು ಗಿಡ್ಡವೂ ಹೌದು. ಪಿಂಗ್‌ನವರು ಐರನ್ನಿನ ಮೇಲೆ ಬಣ್ಣದ ಚುಕ್ಕೆಯಿಟ್ಟು ಲೈ ಕೋನ ಸೂಚಿಸುತ್ತಾರೆ, ಕಪ್ಪು ಚುಕ್ಕೆ ಸಾಮಾನ್ಯ ಕೋನದ್ದು. ಹಳೆಯ ಸೆಟ್ ಕೊಳ್ಳುವವರು ಅದನ್ನು ನೋಡಿಯೇ ಕೊಳ್ಳಬೇಕು. ಬಗ್ಗಿಸಿ ಸರಿಮಾಡಬಹುದಾದರೂ, ಫೋರ್ಜ್ ಮಾಡಿದ, ಅಂದರೆ ಕಾಸಿ ಬಡಿದು ರೂಪಿಸಿದ ಮೆತ್ತನೆಯ ಉಕ್ಕು ಬಗ್ಗಿದಷ್ಟು ಸುಲಭವಾಗಿ ಎರಕದ ಗಟ್ಟಿ ಸ್ಟೇನ್‌ಲೆಸ್ ಬಗ್ಗುವುದಿಲ್ಲ.

ಹಾಗಾದರೆ ಫೋರ್ಜ್ ಮಾಡಿದ್ದೇ ಒಳ್ಳೆಯದಲ್ಲವೇ ಎಂದು ಬೆಂಗಳೂರಿನವರು ಕೇಳಬಹುದು. ಕಾರವಾರದಲ್ಲಿ ಹಾಗಲ್ಲ. ನಮ್ಮ ಮನೆಯ ಗೇಟಿನ ಬಿಜಾಗರಿ ಮೂರು ಮಳೆಗಾಲಕ್ಕಿಂತ ಹೆಚ್ಚು ಬಾಳಿಲ್ಲ. ಫೋರ್ಜ್ ಮಾಡಿದ ತಲೆಗಳು ಬಹುಮಟ್ಟಿಗೆ ಕಾರ್ಬನ್ ಉಕ್ಕಿನವು; ಮೇಲಿನ ಕ್ರೋಮ್ ಲೇಪ ಸವೆದು, ಮರಳು ತಾಗಿ ಗೀರಿದಲ್ಲಿ ಉಪ್ಪುಗಾಳಿ ಒಳಹೊಕ್ಕು ಕಂದು ಚಿಕ್ಕೆಗಳು ಏಳುತ್ತವೆ. ನನ್ನ ಮೊದಲ ಬ್ಲೇಡುಗಳ ಗೆರೆಗಳ ತುಂಬ ಅಂಥ ತುಕ್ಕಿತ್ತು. ಸುಮಾರು 17 ಪ್ರತಿಶತ ಕ್ರೋಮಿಯಂ ಇರುವ 17-4 ಸ್ಟೇನ್‌ಲೆಸ್ ಎರಕ ಇಲ್ಲಿ ಬಾಳಿಕೆ ಬರುತ್ತದೆ. ಸ್ಟೀಲ್ ಶಾಫ್ಟ್ ಟೊಳ್ಳಾಗಿರುವುದರಿಂದ ಒಳಗಿನಿಂದಲೂ ತುಕ್ಕು ಹಿಡಿಯಬಹುದು. ಗ್ರ್ಯಾಫೈಟಿಗೆ ಆ ಭಯವಿಲ್ಲ. ಮಳೆಗಾಲದಲ್ಲಿ ಚೀಲವನ್ನು ಹಾಗೆಯೇ ಮೂಲೆಗಿಟ್ಟರೆ ಗ್ರಿಪ್‌ಗಳ ಮೇಲೆ ಬೂಸ್ಟು ಬೆಳೆಯುತ್ತದೆ ಎಂಬುದನ್ನು ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ಇಷ್ಟಾದ ಮೇಲೆ ಕೊಂಡದ್ದು ಬಳಸಿದ, ಐದು ವರ್ಷ ಹಳೆಯ, ಸ್ಟೇನ್‌ಲೆಸ್ ಎರಕದ ಕ್ಯಾವಿಟಿ ಬ್ಯಾಕ್ ಸೆಟ್ಟನ್ನು: 6ರಿಂದ ಪಿಚಿಂಗ್ ವೆಜ್‌ವರೆಗೆ, 7 ನಂಬರು 31 ಡಿಗ್ರಿ, ಅರ್ಧ ಇಂಚು ಉದ್ದ, ಲೈ ಕೋನ ಒಂದು ಡಿಗ್ರಿ ಅಪ್‌ರೈಟ್, ಅಂದರೆ ಅಷ್ಟು ಹೆಚ್ಚು ನೆಟ್ಟಗೆ, 70 ಗ್ರಾಮಿನ ಗ್ರ್ಯಾಫೈಟ್. 4 ಮತ್ತು 5 ನಂಬರಿನ ಐರನ್‌ಗಳನ್ನು ಬಿಟ್ಟು ಅವುಗಳ ಜಾಗಕ್ಕೆ ಚೆಂಡನ್ನು ಸುಲಭವಾಗಿ ಎತ್ತುವ, ದಪ್ಪ ತಲೆಯ ಎರಡು ಹೈಬ್ರಿಡ್ ಕ್ಲಬ್ ಹಾಕಿದೆ. ಉದ್ದನೆಯ ಐರನ್ನನ್ನು ಎತ್ತರಕ್ಕೆ ಹೊಡೆಯುವ ವೇಗ ನನ್ನಲ್ಲಿಲ್ಲವೆಂದು ಒಪ್ಪಿಕೊಳ್ಳಲು ಒಂಬತ್ತು ವರ್ಷ ಸಾಕು. ಪಿಚಿಂಗ್ ವೆಜ್ 45 ಡಿಗ್ರಿ. ಅದಕ್ಕೂ ಸ್ಯಾಂಡ್ ವೆಜ್ಜಿಗೂ ನಡುವೆ 50 ಡಿಗ್ರಿಯದೊಂದು ಸೇರಿತು. ನಿಯಮ ಅನುಮತಿಸುವ 14 ಕ್ಲಬ್‌ಗಳಲ್ಲಿ ನನ್ನ ಚೀಲದಲ್ಲಿರುವುದು 12. ಒಟ್ಟು ಖರ್ಚು ಎರಡನೆಯ ಸೆಟ್ಟಿನ ಅರ್ಧಕ್ಕಿಂತ ಕಡಿಮೆ.

ಕಳೆದ ವಾರ ಊರಿಗೆ ಹೋದಾಗ ಮತ್ತೆ ಎಣ್ಣೆ, ಪೌಡರ್ ಹಿಡಿದು ಅದೇ ಬೇಣಕ್ಕೆ ಹೋದೆ, ಅದೇ 20 ಚೆಂಡುಗಳೊಂದಿಗೆ. ಲೆಕ್ಕದ ಪುಸ್ತಕದ ಹೊಸ ಹಾಳೆಯಲ್ಲಿ 8 ಚುಕ್ಕೆಗಳು ಟೋ ಕಡೆಗೇ ಬಿದ್ದಿವೆ, 5 ಕೆಳಗೆ. ಉದ್ದವೂ ಲೈ ಕೋನವೂ ತಿದ್ದಿಕೊಟ್ಟದ್ದು ಮೂರು ಹೊಡೆತ, ಉಳಿದದ್ದು ನನ್ನದೇ. ಜನವರಿಯಲ್ಲಿ ಚೆಂಡು ಹೆಕ್ಕಲು ಬೇಣದ ಉದ್ದಗಲವನ್ನೂ ಸುತ್ತಿ, ಬಲಗಡೆಯ ಅಗಳ, ಅಂದರೆ ಗಡಿಯ ಕಂದಕ ದಾಟಿ, ಪಕ್ಕದವರ ಸೊಪ್ಪಿನ ಬೆಟ್ಟದೊಳಗೆ ಒಂಬತ್ತು ಚೆಂಡುಗಳಿಗಾಗಿ ತಡಕಾಡಿದ್ದೆ. ಈ ಸಲ ಅಗಳ ದಾಟಿದ್ದು ಎರಡು ಚೆಂಡುಗಳಿಗಾಗಿ. ಉಳಿದ ಹದಿನೆಂಟು, ಒಂದು ಗೋಣಿಚೀಲ ಹಿಡಿದು ನಿಂತರೆ ಹತ್ತು ನಿಮಿಷದಲ್ಲಿ ಹೆಕ್ಕಿ ಮುಗಿಸುವಷ್ಟು ಹತ್ತಿರ ಹತ್ತಿರ ಬಿದ್ದಿದ್ದವು.